ಎರಡು ಗಂಟೆಯ ಅಳತೆ

ಬಚ್ಚಲಲ್ಲಿ ಇಲ್ಲ, ಒಲೆಯ ಪಕ್ಕ ಇಲ್ಲ. ಗಂಗುಬಾಯಿ ಕಡೆಗೆ ಮಂಚದ ಕೆಳಗೂ ಬಗ್ಗಿ ನೀಲಿ ಕೊಡ ಹುಡುಕಿದಳು. ಹೊರಗೆ ಅಂಗಳದಲ್ಲಿ ಗಂಡ ಬೀರಲಿಂಗಪ್ಪನ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಮೀಯಿಸಲು ನೀರು ತರಬೇಕಾಗಿತ್ತು.

"ಯವ್ವಾ, ಬ್ಯಾರೆ ಬಿಂದಿಗಿ ಅದ ಅಲ್ಲಾ, ಸಾಕು ಬಾ" ಎಂದಳು ಮಗಳು ಭಾಗ್ಯಾ. "ಈಗ ಆ ಕೊಡದ ಚಿಂತಿ ಯಾಕ?"

"ದಿನಾ ಮಧ್ಯಾಹ್ನ ನಿಮ್ಮಪ್ಪನ ಜೋಡಿ ಹೋಗ್ತಿತ್ತು, ಖಾಲಿ ಆಗಿ ತಿರುಗಿ ಬರ್ತಿತ್ತು. ನಿನ್ನಿ ಅವನೂ ಬರಲಿಲ್ಲ, ಅದೂ ಬರಲಿಲ್ಲ. ಯಾರ ಮನ್ಯಾಗ ಕುಂತದ ನೋಡಬೇಕು."

ಯಾರ ಮನೆ ಎಂಬುದು ಅವಳಿಗೆ ಗೊತ್ತಿತ್ತು. ಮಣ್ಣು ಮಾಡಲು ಬಂದವರಿಗೆಲ್ಲ ಗೊತ್ತಿತ್ತು. ಬೀರಲಿಂಗಪ್ಪ ಕುಸಿದು ಬಿದ್ದದ್ದು ಹಿಂದಿನ ಓಣಿಯಲ್ಲಿ, ಖಾಸೀಂಬಿಯ ಬಾಗಿಲ ಮುಂದೆ. ಅವಳು ಒಂಟಿ ಹೆಂಗಸು. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು.

"ರೋಡಿನ ಬಿಸಿ ಅಳ್ಯೋದು ಐದು ನಿಮಿಷದ ಕೆಲಸ" ಎಂದು ಪಕ್ಕದ ಮನೆಯ ಸುಮಂಗಲಾ ಸೆರಗಿನ ಮರೆಯಲ್ಲಿ ಯಾರಿಗೋ ಹೇಳಿದಳು, ಗಂಗುಬಾಯಿಗೆ ಕೇಳಿಸುವಷ್ಟು ಮೆಲ್ಲಗೆ. "ತಾಸುಗಟ್ಟಲೆ ಏನ್ ಮಾಡ್ತಿದ್ದ?"

ಗಂಗುಬಾಯಿಗೆ ಸಿಟ್ಟು ಬಂತು. ಸುಮಂಗಲಾಳ ಮೇಲಲ್ಲ, ಗೋಡೆಗೆ ಆನಿಕೊಂಡು ಏನೂ ಗೊತ್ತಿಲ್ಲದವನ ಹಾಗೆ ಕೂತಿದ್ದ ಗಂಡನ ಮೇಲೆ.

*

ಈ ಬೇಸಿಗೆಯಲ್ಲಿ ಆಳಂದಕ್ಕೆ ತಂಪು ರಸ್ತೆಯ ಪ್ರಯೋಗದವರು ಬಂದಿದ್ದರು. ಗಂಗುಬಾಯಿಯ ಓಣಿಯ ಡಾಂಬರಿನ ಮೇಲೆ ಬೂದುಬಿಳಿ ಬಣ್ಣ ಬಳಿದರು. ಹೋಲಿಸಿ ನೋಡಲು ಹಿಂದಿನ ಓಣಿಯನ್ನು ಕರ್ರಗೆ ಇದ್ದ ಹಾಗೇ ಬಿಟ್ಟರು. ದಿನಾ ಎರಡು ಗಂಟೆಗೆ ಎರಡೂ ಕಡೆ ಬಿಸಿ ಅಳೆದು ಬರೆಯುವ ಕೆಲಸ ಬೀರಲಿಂಗಪ್ಪನಿಗೆ ಸಿಕ್ಕಿತು. ಮೂವತ್ತು ವರ್ಷ ಡಾಂಬರಿನ ಗ್ಯಾಂಗಿನಲ್ಲಿ ಮೇಸ್ತ್ರಿಯಾಗಿದ್ದವನು. ಆ ಓಣಿಗಳಿಗೆ ಡಾಂಬರು ಸುರಿಸಿದವನೂ ಅವನೇ.

ಅಳೆಯುವ ಯಂತ್ರ ಪಿಸ್ತೂಲಿನಂತಿತ್ತು. ಅವನು ಅದನ್ನು ಹಿಡಿದು ಹೊರಟರೆ ಓಣಿಯ ಹೆಂಗಸರು ಎರಡೂ ಕೈ ಎತ್ತಿ "ತಪ್ಪಾತ್ರಿ ಸಾಹೇಬ್ರ" ಎಂದು ನಗುತ್ತಿದ್ದರು. ಅವನು ನಗುತ್ತಿರಲಿಲ್ಲ. ಸರಕಾರವೇ ತನ್ನ ಹೆಗಲ ಮೇಲಿದೆ ಎಂಬಂತೆ ನಡೆಯುತ್ತಿದ್ದ.

ಹದಿನೈದು ದಿನ ಕಳೆದ ಮೇಲೆ ಪಿಸ್ತೂಲಿನ ಜೊತೆ ಕೊಡವೂ ಹೊರಟಿತು.

"ಬಿಸಿ ಅಳ್ಯಾಕ ಕೊಡ ಯಾಕ ಬೇಕು?" ಎಂದು ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು.

"ರೋಡಿನ ಕೆಲಸ ನಿನಗೇನು ತಿಳೀತದ, ಆಚಿ ಸರಿ."

"ರೋಡಿಂದು ತಿಳ್ಯಾಂಗಿಲ್ಲ. ನಿಂದು ತಿಳೀತದ."

ಅವನು ಒಂದು ಕ್ಷಣ ಅವಳ ಮುಖ ನೋಡಿದ. ಏನೋ ಹೇಳಬೇಕೆಂದು ಬಾಯಿ ತೆರೆದವನು ಗಡಿಯಾರ ನೋಡಿ ಹೊರಟುಬಿಟ್ಟ.

*

ಮಣ್ಣಿನ ದಿನ ಹನ್ನೆರಡಕ್ಕೆ ಪ್ರಯೋಗದ ಇಂಜಿನಿಯರ ಧೀರೇಂದ್ರ ಹಾರ ತಂದ. ಹೆಣಕ್ಕೆ ಹಾಕಿ ಕೈಮುಗಿದ. ಹೋಗದೆ ಅಲ್ಲೇ ನಿಂತ.

"ಅಮ್ಮಾರ, ಇವತ್ತು ಕೇಳಬಾರ್ದು. ಆದ್ರ ಇವ್ರು ಬರದ ವಹಿ ಸರಿ ಅನಸವಲ್ದು. ಮೊದಲಿಗೆ ಕರಿ ಓಣಿ ಅರವತ್ತೆರಡು ಡಿಗ್ರಿ, ನಿಮ್ಮ ಓಣಿ ಐವತ್ತು ಇತ್ತು. ಆಮ್ಯಾಲ ಕರಿ ಓಣಿ ಒಮ್ಮೆಲೆ ನಲವತ್ತೈದಕ್ಕ ಇಳದದ. ಬಣ್ಣ ಬಳದ ರೋಡಕ್ಕಿಂತ ಬಳೀದ ರೋಡೇ ತಂಪಂತ! ಇವ್ರು ಅಲ್ಲಿಗೆ ಹೋಗಿ ಅಳೀತಿದ್ರೋ, ಇಲ್ಲಾ ಎಲ್ಲೋ ಕುಂತು ಬರೀತಿದ್ರೋ?"

ಗಂಡನ ಮೇಲೆ ಗಂಗುಬಾಯಿಗೆ ಉಳಿದಿದ್ದ ಒಂದಿಷ್ಟು ನಂಬಿಕೆಯೂ ಹೋಯಿತು. ಅಂದರೆ ಅಳೆಯುತ್ತಲೂ ಇರಲಿಲ್ಲ. ಆ ಖಾಸೀಂಬಿಯ ಮನೆಯೊಳಗೆ ಕೂತು ಬಾಯಿಗೆ ಬಂದ ಅಂಕಿ ಗೀಚಿದ್ದಾನೆ.

ಅದೇ ಹೊತ್ತಿಗೆ ಖಾಸೀಂಬಿ ಬಂದಳು. ಎಡಗಾಲಿಗೆ ಬಟ್ಟೆ ಸುತ್ತಿತ್ತು, ಕುಂಟುತ್ತಿದ್ದಳು. ಸೊಂಟದ ಮೇಲೆ ನೀಲಿ ಕೊಡ.

"ಬಾ ಬೇ" ಎಂದಳು ಗಂಗುಬಾಯಿ. "ನಿನ್ನ ಹಾದಿನೇ ಕಾಯಾಕತ್ತಿದ್ದೆ. ಕೊಡ ಕೊಟ್ಟೀ, ಗಂಡನ್ನೂ ಒಪ್ಪಿಸೀ. ಮತ್ತೇನಾರ ಇಟ್ಕೊಂಡೀ ಏನು?"

ಖಾಸೀಂಬಿ ಕೊಡ ಇಳಿಸಿದಳು. "ಅಕ್ಕಾ, ಮೇಸ್ತ್ರಿಯವ್ರು ನನ್ನ ಹೊಸ್ತಲಾ ದಾಟಿಲ್ರಿ. ಗ್ಯಾಂಗಿನ್ಯಾಗ ನಾ ಜಲ್ಲಿ ಹೊರ್ತಿದ್ದಾಗ ಅವರ ಕೈಯಾನ ಡಾಂಬರಿನ ಡಬ್ಬಿ ಜಾರಿ ಈ ಕಾಲಿನ ಮ್ಯಾಲ ಬಿತ್ತು. ಈಗ ಸಕ್ರಿ ಬ್ಯಾನಿ ಬಂದು ಹಳೇ ಗಾಯ ಬಿಚ್ಚಿಕೊಂಡದ. ಚಪ್ಪಲಿ ಹಿಡ್ಯಾಂಗಿಲ್ಲ. ಮಧ್ಯಾಹ್ನ ಪಟ್ಟಿ ಕಟ್ಟಿಸಾಕ ದವಾಖಾನಿಗೆ ಹೋಗಬೇಕು, ರೋಡ್ ಸುಡ್ತದ. ಅದಕ್ಕ ಬಾಗಲದಿಂದ ಓಣಿ ಮೂಲಿತನಾ ನೀರು ಹೊಡದು ಕೊಡ್ತಿದ್ರು."

"ನೀರು ಹೊಡದ ಮ್ಯಾಲ ಅಳೀತಿದ್ರಾ?" ಧೀರೇಂದ್ರನ ದನಿ ಏರಿತು.

"ಹೌದ್ರಿ. ಒಣಾ ಜಾಗಾ ನೋಡಿ ಅಳೀರಿ ಅಂತ ನಾನೂ ಅಂದೆ. ಅದಕ್ಕ ಮೇಸ್ತ್ರಿಯವ್ರು, ಸಾಹೇಬ್ರು ನಿನ್ನ ಬಾಗಲ ಮುಂದೇ ಹಳದಿ ಗುಂಡನ ಗೆರಿ ಬರದು ಹೋಗ್ಯಾರ, ಅಲ್ಲೇ ಅಳೀಬೇಕು, ಬಂದದ್ದೇ ಬರೀಬೇಕು, ಸುಳ್ಳು ಬರ್ಯಾಂಗಿಲ್ಲ ಅಂದ್ರು."

ಧೀರೇಂದ್ರ ಹಣೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಕ್ಕರಿಸಿದ. "ಆ ಓಣಿ ತಂಪೇ ಅದ, ಬಣ್ಣ ಬ್ಯಾಡ ಅಂತ ನಾವು ಮೊನ್ನೆ ಬರದು ಕಳಿಸೀವಿ."

"ಮಾತು ಚಂದ ಹೊಂದಿಸಿಕೊಂಡು ಬಂದೀ" ಎಂದಳು ಗಂಗುಬಾಯಿ. "ಒಂದು ಕೊಡ ಚೆಲ್ಲಾಕ ತಾಸು ಬೇಕೇನು?"

"ಆರು ಕೊಡ ಅಕ್ಕಾ. ನಳ ದೂರ ಅದ."

ಗಂಗುಬಾಯಿ ನಂಬಲಿಲ್ಲ. ನಂಬಲು ಅವಳಿಗೆ ಆಸೆಯಿತ್ತು, ಅದಕ್ಕೇ ನಂಬಲಿಲ್ಲ. ಆ ಕೊಡದಿಂದ ಹೆಣ ಮೀಯಿಸಲು ಬಿಡದೆ ಅದನ್ನು ಮೂಲೆಗೆ ತಳ್ಳಿದಳು. ಖಾಸೀಂಬಿ ಕುಂಟುತ್ತ ಹೊರಟುಹೋದಳು.

*

ಹೆಣ ಕೂಡಿಸಿದ ಸಿದಿಗೆ ಎದ್ದಾಗ ಎರಡು ಗಂಟೆ. ಹೊತ್ತವರು ಬರಿಗಾಲಲ್ಲಿದ್ದರು. ಬೂದುಬಿಳಿ ರಸ್ತೆಯ ಮೇಲೆ ಹೇಗೋ ಸಾವಕಾಶ ನಡೆದರು. ಹೆಂಗಸರು ಓಣಿಯ ಮೂಲೆಯವರೆಗೆ ಬಂದು ನಿಲ್ಲುವುದು ರೂಢಿ. ಎಲ್ಲರೂ ನಿಂತರು, ಗಂಗುಬಾಯಿ ನಿಲ್ಲಲಿಲ್ಲ.

"ಎಲ್ಲಿ ಹೊಂಟಿ ಯವ್ವಾ?" ಭಾಗ್ಯಾ ಹಿಂದೆ ಓಡಿಬಂದಳು.

"ಆ ಬಾಗಲಾ ನೋಡಬೇಕು."

ಕರಿ ಓಣಿಗೆ ಹೊರಳಿದ ಕೂಡಲೇ ಹೊತ್ತವರು ಓಡತೊಡಗಿದರು. ಕಾಲಿಟ್ಟ ಕಡೆಯೆಲ್ಲ ಸುಡುತ್ತಿತ್ತು. ಹೆಣ ಅತ್ತಿತ್ತ ಕುಲುಕಾಡಿತು, ಹಾರ ಜಾರಿತು. ಗಂಗುಬಾಯಿಯೂ ಬರಿಗಾಲಲ್ಲೇ ಇದ್ದಳು. ಅಂಗಾಲು ಕಾದ ಹಂಚಿನ ಮೇಲೆ ಇಟ್ಟಂತಾಗಿ ಅವಳ ಕಣ್ಣಲ್ಲಿ ನೀರು ಬಂತು. ನಿನ್ನೆಯಿಂದ ಅದೇ ಮೊದಲು.

ಮುಂದೆ ಯಾರೂ ಹೇಳದೆ ಸಿದಿಗೆ ನಿಧಾನವಾಯಿತು. ಹೊತ್ತವರ ಓಟ ನಡಿಗೆಯಾಯಿತು. ಬೀರಲಿಂಗಪ್ಪನ ತಲೆ ನೆಟ್ಟಗೆ ನಿಂತಿತು. ಖಾಸೀಂಬಿಯ ಬಾಗಿಲಿನಿಂದ ಆಚೆ ಮೂಲೆಯವರೆಗೆ ರಸ್ತೆ ತೊಯ್ದಿತ್ತು.

ಗಂಗುಬಾಯಿ ಕಾಲಿಟ್ಟಳು. ತಂಪಾಯಿತು. ಕೆಳಗೆ ನೋಡಿದರೆ ಅಳತೆಯ ಹಳದಿ ವೃತ್ತ. ಹೊಸ್ತಿಲ ಒಳಗೆ ಖಾಸೀಂಬಿ ನೀರಿನ ಖಾಲಿ ಪಾತೇಲಿ ಹಿಡಿದು ನಿಂತಿದ್ದಳು. ಕಾಲಿನ ಬಟ್ಟೆ ರಕ್ತದಿಂದ ಒದ್ದೆಯಾಗಿತ್ತು.

ಸಿದಿಗೆ ಮೂಲೆ ದಾಟಿ ಮರೆಯಾಯಿತು. ನೀರು ಅಂಚಿನಿಂದ ಆರತೊಡಗಿತ್ತು. ಗಂಗುಬಾಯಿ ವೃತ್ತದೊಳಗಿನಿಂದ ಕದಲಲಿಲ್ಲ.

"ಭಾಗ್ಯಾ" ಎಂದಳು, "ಮನಿಗೆ ಹೋಗು. ನೀಲಿ ಕೊಡ ತುಂಬಕೊಂಡು ಬಾ."