ಹೊಳೆಯ ನೀರು ಆರುವವರೆಗೆ

ನಾನೊಂದು ಗಾಜಿನ ಜಾಡಿ. ಗಾಜೆಂದರೆ ಎಲ್ಲರಿಗೂ ಸಸಾರ, ಒಡೆದರೆ ಇನ್ನೊಂದು ಎನ್ನುತ್ತಾರೆ. ಮರಳು, ಸುಣ್ಣ, ಸೋಡಾ ಒಂದೇ ಕುಲುಮೆಯಲ್ಲಿ ಬೆಂದು ಪಾಕವಾಗಿ ನಾನು ಹುಟ್ಟಿದೆ. ಆ ಉರಿಯನ್ನು ಉಂಡ ನಾನು ಅಷ್ಟು ಸುಲಭಕ್ಕೆ ಒಡೆಯುವ ಜಾತಿಯಲ್ಲ.

ನನ್ನನ್ನು ಕೊಂಡವನು ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಮುಂದೆ ನಿಂಬೆ ಶರಬತ್ತು ಮಾರುತ್ತಿದ್ದ ಸಿಂಗ್ರಯ್ಯ. ನನ್ನೊಳಗೆ ಸಕ್ಕರೆ ಸುರಿದು ಉದ್ದನೆಯ ಚಮಚದಿಂದ ಗರಗರ ತಿರುಗಿಸುತ್ತಿದ್ದ. ತಳದಲ್ಲಿ ಒಂದು ಹರಳು ಉಳಿದರೂ ಗಿರಾಕಿಗೆ ಕೊಡುತ್ತಿರಲಿಲ್ಲ. ಶಾಲೆ ಬಿಟ್ಟು ಮಗಳು ಸುಚಿತ್ರಾ ಬಂದಳೆಂದರೆ ಎಷ್ಟೇ ಜನ ಕಾಯುತ್ತಿರಲಿ, ಮೊದಲ ಲೋಟ ಅವಳಿಗೇ.

ಐದನೇ ತರಗತಿಯ ವಾರಿಜಾ ಮಿಸ್ ವಿಜ್ಞಾನದ ಪಾಠಕ್ಕೆ ಗಾಜಿನ ಪಾತ್ರೆ ಬೇಕೆಂದಾಗ ಹುಡುಗಿ ಅಪ್ಪನ ದುಂಬಾಲು ಬಿದ್ದಳು. "ತಗೊಂಡೋಗವ್ವ, ನಂಗೆ ಸ್ಟೀಲ್ ಬಕೆಟ್ ಸಾಕು," ಎಂದು ಅವನು ನನ್ನನ್ನು ಕೊಟ್ಟೇಬಿಟ್ಟ. ನನಗೆ ಕೊಂಚ ಬೇಜಾರಾಯಿತು.

ಶಾಲೆಯಲ್ಲಿ ನನ್ನ ಹೊಟ್ಟೆಗೆ ಏನೇನೋ ಬಿತ್ತು. ಮರಳು ತಳಕ್ಕೆ ಕೂತಿತು. ಎಣ್ಣೆ ಬಿಂಕ ಮಾಡಿಕೊಂಡು ಮೇಲೆಯೇ ತೇಲಿತು. ಉಪ್ಪು ಮಾತ್ರ ಕಣ್ಣೆದುರಿಗೇ ಮಾಯವಾಯಿತು.

"ಎಲ್ಲಿ ಹೋಯ್ತು?" ಎಂದು ಮಿಸ್ ಕೇಳಿದರು.

"ಎಲ್ಲೂ ಹೋಗಿಲ್ಲ ಮಿಸ್, ನೀರಲ್ಲೇ ಐತೆ," ಎಂದಳು ಸುಚಿತ್ರಾ. ಶರಬತ್ತಿನವನ ಮಗಳಲ್ಲವೇ!

ಮಿಸ್ ಆ ನೀರನ್ನು ಬಿಸಿಲಿಗಿಟ್ಟರು. ನೀರು ಆರಿದ ಮೇಲೆ ಉಪ್ಪು ಬೆಳ್ಳಗೆ ಕಾಣಿಸಿತು. "ಕರಗಿದ್ದು ಕಳೆದುಹೋಗಲ್ಲ ಮಕ್ಕಳೇ," ಎಂದರು.

ಬೇಸಿಗೆಯ ಮೊದಲಿಗೆ ಸಿಂಗ್ರಯ್ಯ ಗಾಡಿಯ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟಲಿಲ್ಲ. ಅವನ ಬೂದಿಯನ್ನು ಹೊಳೆಗೆ ಬಿಟ್ಟರು.

ತಿಥಿ ಮುಗಿದ ಮೇಲೆ ಶಾಲೆಗೆ ಬಂದ ಸುಚಿತ್ರಾಳ ಕೈಯಲ್ಲಿ ಒಂದು ಬಾಟಲಿ ನೀರಿತ್ತು. ಬೂದಿ ಬಿಟ್ಟ ಜಾಗದಲ್ಲೇ ತುಂಬಿಕೊಂಡು ಬಂದದ್ದು. ಅದನ್ನು ನನ್ನೊಳಗೆ ಸುರಿದು ಕಿಟಕಿಯ ಬಿಸಿಲಿಗಿಟ್ಟಳು. ಕೇಳಿದವರಿಗೆ 'ಪ್ರಯೋಗ' ಎಂದಷ್ಟೇ ಹೇಳಿದಳು. ದಿನವೂ ಬಗ್ಗಿ ನೋಡುತ್ತಿದ್ದಳು. ಅವಳು ಯಾರಿಗಾಗಿ ಕಾಯುತ್ತಿದ್ದಾಳೆಂದು ನನಗೆ ತಿಳಿದಿತ್ತು. ಈ ನೀರು ಆರದೇ ಇರಲಿ ದೇವರೇ ಎಂದು ಬೇಡಿಕೊಂಡೆ.

ಆರಿಯೇ ಆರಿತು. ತಳದಲ್ಲಿ ತೆಳ್ಳನೆಯ ಬಿಳಿ ಕರೆ ಉಳಿಯಿತು. ಅವಳು ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮಿಸ್ ಹತ್ತಿರ ಹೋದಳು.

"ಮಿಸ್, ನಮ್ಮಪ್ಪ."

ವಾರಿಜಾ ಮಿಸ್‌ಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಹೂಂ ಅಂದುಬಿಡಿ ತಾಯಿ, ನಿಮ್ಮ ಗಂಟೇನು ಹೋಗುತ್ತದೆ ಎಂದು ನಾನು ಒಳಗೊಳಗೇ ಅಂಗಲಾಚಿದೆ. ಆದರೆ ಅವರು ಮಕ್ಕಳಿಗೆ ಸುಳ್ಳು ಹೇಳುವವರಲ್ಲ.

"ಇದು ನೀರಿನಲ್ಲಿರೋ ಸುಣ್ಣ ಕಣಮ್ಮ. ಯಾವ ಹೊಳೆ ನೀರಿಟ್ರೂ ಇಷ್ಟು ಉಳಿಯುತ್ತೆ. ಬೂದಿ ಉಪ್ಪಿನ ಹಾಗೆ ಕರಗಲ್ಲ. ಹೊಳೆ ಅದನ್ನ ಹೊತ್ಕೊಂಡು ಹೋಗಿರುತ್ತೆ." ಅವರು ನನ್ನನ್ನು ಮೆಲ್ಲಗೆ ಅವಳ ಕಡೆಗೇ ಸರಿಸಿದರು. "ಇದು ನಿಮ್ಮಪ್ಪನ ಜಾಡಿ, ಮನೆಗೆ ತಗೊಂಡು ಹೋಗು."

"ಬ್ಯಾಡ ಮಿಸ್. ನಾಳೆ ಪಾಠಕ್ಕೆ ಬೇಕಲ್ವಾ," ಎಂದಳು ಸುಚಿತ್ರಾ.

ಅವಳೇ ನಲ್ಲಿಯ ಹತ್ತಿರ ಒಯ್ದು ಆ ಕರೆಯನ್ನು ಉಗುರಿನಿಂದ ಕೆರೆದು ತೊಳೆದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಈಗ ಶಾಲೆಗೆ ಹೊಸ ಪ್ಲಾಸ್ಟಿಕ್ ಪಾತ್ರೆಗಳು ಬಂದಿವೆ. ನಾನು ಬೀರುವಿನ ತಲೆಯ ಮೇಲೆ ಧೂಳು ತಿನ್ನುತ್ತಿದ್ದೇನೆ. ತಳದ ಅಂಚಿನಲ್ಲಿ, ಅವಳ ಪುಟ್ಟ ಬೆರಳು ಮುಟ್ಟದ ಕಡೆ, ಬಿಳಿಯದೊಂದು ಚೂರು ಹಾಗೇ ಅಂಟಿಕೊಂಡಿದೆ. ಅದು ಸುಣ್ಣವೆಂದು ನನಗೂ ಗೊತ್ತು. ಆದರೂ ಯಾರಾದರೂ ತೊಳೆಯಲೆಂದು ನನ್ನನ್ನು ಎತ್ತಿಕೊಂಡರೆ ಜೀವ ಹೋದಂತಾಗುತ್ತದೆ.