ಚೈನಿಲ್ಲದ ಹೊಸ ಸೈಕಲ್

ಮಹಡಿಯಿಂದ ಇಳಿದು ಬಂದ ಪ್ರತೀಕ್ಷಾ ಹಜಾರದಲ್ಲೇ ನಿಂತುಬಿಟ್ಟಳು. ಗೋಡೆಗೆ ಒರಗಿಸಿಟ್ಟಿದ್ದ ಹೊಸ ಸೈಕಲ್ಲಿಗೆ ಚೈನೇ ಇರಲಿಲ್ಲ.

ಕಳ್ಳರು ನುಗ್ಗಿದ್ದಾರೆಂದುಕೊಂಡಳು. ಲಾಕ್‌ಡೌನ್ ಶುರುವಾದ ಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿ ಎಲ್ಲರಿಗೂ ಸೈಕಲ್ಲೇ ಬೇಕಾಗಿತ್ತು. ಅಂಗಡಿಗಳು ಖಾಲಿ, ಹೊರದೇಶದ ಕಾರ್ಖಾನೆಗಳಿಂದ ಬಿಡಿಭಾಗಗಳೂ ಬರುತ್ತಿರಲಿಲ್ಲ. ವಸಂತದಲ್ಲಿ ಹೇಳಿಟ್ಟಿದ್ದ ಸೈಕಲ್ ಅವಳ ಕೈಸೇರಿದ್ದು ನಿನ್ನೆ. ಎಜ್‌ಬಾಸ್ಟನ್ನಿನಲ್ಲಿ ಅವಳು ಸಂಶೋಧನೆ ಮಾಡುವ ಲ್ಯಾಬ್ ನಾಳೆ ಮತ್ತೆ ತೆರೆಯುವುದಿತ್ತು. ಮಗಳನ್ನು ನೋಡಲು ಧಾರವಾಡದಿಂದ ಬಂದು, ವಿಮಾನಗಳು ನಿಂತು ಇಲ್ಲೇ ಸಿಕ್ಕಿಕೊಂಡಿದ್ದ ತಾಯಿ ಶೋಭಾಗೆ ಶುಗರ್. ಬಸ್ಸಿನಲ್ಲಿ ಓಡಾಡಿ ಮನೆಗೆ ರೋಗ ತರಬಾರದೆಂದೇ ಅವಳು ಸೈಕಲ್ ಕೊಂಡಿದ್ದಳು.

"ಅವ್ವಾ! ಯಾರೋ ಒಳಗ ಬಂದಿದ್ರು!"

ಶೋಭಾ ಕೈ ಒರೆಸುತ್ತ ಅಡುಗೆಮನೆಯಿಂದ ಬಂದರು. "ಯಾರೂ ಬಂದಿಲ್ಲ. ನಾನ ಕೊಟ್ಟೇನಿ."

"ಏನ್ ಕೊಟ್ಟಿ?"

"ಚೈನು. ಬಾಜೂ ಮನಿ ಮಾರ್ಗರೆಟ್‌ಗೆ. ಆಕೀದು ಹರದಿತ್ತು. ಎಲ್ಲಾ ಅಂಗಡಿ ಕೇಳಿದ್ಲಂತ, ಎಲ್ಲೂ ಇಲ್ಲ. ಬಾಗಲದಾಗ ನಿಂತು ಅಳಾಕತ್ತಿದ್ಲು. ನೀ ಮ್ಯಾಲೆ ಮೀಟಿಂಗಿನ್ಯಾಗಿದ್ದಿ. ತಗೋ ಅಂದೆ, ಆಕೀನ ಬಿಚ್ಚಿಕೊಂಡ್ಲು."

ಮಾರ್ಗರೆಟ್ ಮಿಡ್‌ವೈಫ್, ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡುವವಳು. ಅದೆಲ್ಲ ಗೊತ್ತಿದ್ದರೂ ಪ್ರತೀಕ್ಷಾಳ ಸಿಟ್ಟು ಇಳಿಯಲಿಲ್ಲ. ಕಳ್ಳರೇ ಬಂದಿದ್ದರೂ ಇಷ್ಟು ಆಘಾತವಾಗುತ್ತಿರಲಿಲ್ಲ.

"ನನ್ನ ಒಂದ್ ಮಾತು ಕೇಳಬಾರದಿತ್ತೇನು?"

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

ಗಲಾಟೆ ಕೇಳಿ ಮಾರ್ಗರೆಟ್ ಬಾಗಿಲು ತಟ್ಟಿ ದೂರ ಸರಿದು ನಿಂತಳು. "ನಿನಗೆ ಗೊತ್ತಿರಲಿಲ್ವಾ?" ಎಂದವಳ ಮುಖ ಬಿಳಿಚಿಕೊಂಡಿತು. "ಒಪ್ಪಿದ್ದೀಯ ಅಂದ್ಕೊಂಡೆ. ಈಗಲೇ ಬಿಚ್ಚಿಕೊಡ್ತೀನಿ."

ಹೂಂ ಎನ್ನಲು ಪ್ರತೀಕ್ಷಾ ಬಾಯಿ ತೆರೆದಳು. ಗೇಟಿನ ಬಳಿ ಮಾರ್ಗರೆಟ್‌ಳ ಹಳೆಯ ಸೈಕಲ್ ನಿಂತಿತ್ತು. ಹಿಂಬದಿಯಲ್ಲಿ ಕೆಲಸದ ಚೀಲ ಕಟ್ಟಿ ಆಗಿತ್ತು.

"ಇರಲಿ, ಹೋಗು" ಎಂದುಬಿಟ್ಟಳು. ತಾನಾಡಿದ್ದು ಕೇಳಿ ತಾನೇ ಬೆಚ್ಚಿದಳು. ಬಾಗಿಲು ದಡಾರನೆ ಮುಚ್ಚಿ ಮಹಡಿ ಹತ್ತಿದವಳು ರಾತ್ರಿ ಊಟಕ್ಕೂ ಇಳಿಯಲಿಲ್ಲ.

ಬೆಳಿಗ್ಗೆ ಪ್ರತೀಕ್ಷಾ ಲ್ಯಾಬಿಗೆ ಹೊರಡುವಾಗ ಶೋಭಾ ಸೀರೆಯ ಮೇಲೆ ರೇನ್‌ಕೋಟು, ಕಾಲಿಗೆ ಮಗಳ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನೀ ಎಲ್ಲಿಗೆ?"

"ನಿನ್ನ ಜೋಡಿ. ನಡಕೋತ ಹೋಗೂಣು."

ಹಾರ್ಬೋರ್ನ್ ಬಡಾವಣೆ ದಾಟುವವರೆಗೆ ಪ್ರತೀಕ್ಷಾ ಎರಡು ಹೆಜ್ಜೆ ಮುಂದೆಯೇ ನಡೆದಳು. ಏರಿನಲ್ಲಿ ಅವ್ವನ ಏದುಸಿರು ಕೇಳಿಸಿದಾಗ ನಿಂತಳು.

"ನಾಳೆ ಬರಬ್ಯಾಡ."

"ಬರ್ತೀನಿ" ಎಂದರು ಶೋಭಾ.

ಹೊಸ ಚೈನ್ ಸಿಕ್ಕಿದ್ದು ಎಲೆ ಉದುರುವ ಹೊತ್ತಿಗೆ. ಅಲ್ಲಿಯವರೆಗೆ ಇಬ್ಬರೂ ನಡೆದೇ ಹೋದರು. ಮೊದಮೊದಲು ಮೌನವಾಗಿ, ಆಮೇಲೆ ಜಗಳವಾಡುತ್ತ.