ಬೇಕರಿಯ ಪ್ಲಗ್ಗು

ನೆರೆ ಇಳಿದರೂ ಕರೆಂಟು ಬರಲಿಲ್ಲ, ಟ್ರಾನ್ಸ್‌ಫಾರ್ಮರೇ ಕೊಚ್ಚಿಹೋಗಿತ್ತು. ಇಡೀ ಬೀದಿಗೆ ಉಳಿದದ್ದು ಬೇಕರಿಯವನ ತಾರಸಿಯ ಸೋಲಾರ್ ಪ್ಯಾನೆಲ್‌ಗಳು, ಅವುಗಳ ಬ್ಯಾಟರಿ, ಅಷ್ಟೆ. ಬ್ರೆಡ್ಡು ಜೋಡಿಸುತ್ತಿದ್ದ ತಟ್ಟೆಗಳ ತುಂಬ ಈಗ ಫೋನುಗಳು ಚಾರ್ಜಾಗುತ್ತಿದ್ದವು. ಸುತ್ತ ನಿಂತವರೆಲ್ಲ ತಮ್ಮವರ ಸುದ್ದಿಗಾಗಿ ಜೀವ ಕೈಯಲ್ಲಿ ಹಿಡಿದವರೇ.

ಬಟ್ಟೆ ಹೊಲಿಯುವ ಹೆಂಗಸು ಮಾವನನ್ನು ಕುರ್ಚಿ ಸಮೇತ ಅಲ್ಲಿಗೆ ಹೊರಿಸಿಕೊಂಡು ಬಂದಳು. ಆಕ್ಸಿಜನ್ ಮೆಷಿನ್ ಇಲ್ಲದೆ ಮುದುಕನಿಗೆ ಉಸಿರಿಲ್ಲ. ಕರೆಂಟು ಹೋದಾಗಿಗೆಂದು ಇಟ್ಟಿದ್ದ ಆಕ್ಸಿಜನ್ ಸಿಲಿಂಡರೂ ಖಾಲಿಯಾಗಿತ್ತು. ಗಂಡ ಇನ್ನೊಂದನ್ನು ಹುಡುಕಿ ಹೋಗಿದ್ದ.

"ಅಣ್ಣಾ, ನಿಮ್ಮ ದಮ್ಮಯ್ಯ, ಈ ಮೆಷಿನ್ ಒಂದು ಪ್ಲಗ್ಗಿಗೆ ಹಾಕ್ಕೊಡಿ."

ಬೇಕರಿಯವನು ಹಾಕಿಕೊಟ್ಟ. ಮುದುಕನ ನೀಲಿ ತುಟಿಗೆ ಬಣ್ಣ ಬಂತು. ಅಷ್ಟರಲ್ಲಿ ಮೋಡ ಕವಿಯಿತು.

"ಈ ಮೆಷಿನ್ನೇ ಎಲ್ಲಾ ಕುಡಿದುಬಿಡ್ತಿದೆ ಕಣಮ್ಮ. ಹೀಗಾದ್ರೆ ಯಾರಿಗೂ ಚಾರ್ಜ್ ಇರಲ್ಲ," ಎಂದ ಬೇಕರಿಯವನು.

"ನಮ್ಮೋರೇನು ಮನುಷ್ಯರಲ್ವಾ? ತೆಗೀರಿ ಅದನ್ನ!" ಯಾರೋ ಕೂಗಿದರು.

ಅವಳು ಪ್ಲಗ್ಗಿಗೆ ಬೆನ್ನು ಕೊಟ್ಟು ನಿಂತಳು. "ನನ್ನ ಕೈ ಮುರೀರಿ ಬೇಕಾದ್ರೆ. ಇದನ್ನ ಮುಟ್ಟಬೇಡಿ."

ಮುದುಕ ಮೂಗಿನ ನಳಿಕೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡ. ಅವನಿಗೆ ಬದುಕಬೇಕಿತ್ತು.

ಮೀನು ಮಾರುವ ಅಕ್ಕ ಅದನ್ನೇ ನೋಡುತ್ತಿದ್ದಳು. ನೆರೆ ಬಂದಾಗಿನಿಂದ ಅವಳ ಮಗಳ ಪತ್ತೆಯಿರಲಿಲ್ಲ. ಮುಂದೆ ಬಂದು ಚಾರ್ಜಿಗಿಟ್ಟ ತನ್ನ ಫೋನನ್ನು ವೈರಿನಿಂದ ಕಿತ್ತುಕೊಂಡಳು.

"ನನ್ನ ಮಗಳು ಎಲ್ಲಿದಾಳೋ. ಇವ್ರು ಇಲ್ಲೇ ಕಣ್ಣೆದುರಿಗೆ ಇದಾರಲ್ಲ."

ಒಬ್ಬೊಬ್ಬರೇ ತಮ್ಮ ತಮ್ಮ ಫೋನು ಕಿತ್ತುಕೊಂಡರು, ಕೆಲವರು ಶಪಿಸುತ್ತಲೇ. ಆದರೂ ಬ್ಯಾಟರಿ ಸೋತಿತು. ಮೆಷಿನ್ ಕಿರ್ರೆಂದು ಅರಚಿ ನಿಂತಿತು. ಮುದುಕ ದಡದ ಮೇಲಿನ ಮೀನಿನಂತೆ ಬಾಯಿ ಬಿಟ್ಟ. ಬೇಕರಿಯವನು ತಾರಸಿಗೆ ಓಡಿದ. ಹಿಂದೆಯೇ ಶಪಿಸಿದವರೂ ಓಡಿದರು. ಪ್ಯಾನೆಲ್‌ಗಳಿಗೆ ಗಾಳಿ ತಂದು ಮೆತ್ತಿದ್ದ ಎಲೆ, ಕೆಸರನ್ನು ಸೀರೆಯ ಸೆರಗು, ಅಂಗಿ, ಸಿಕ್ಕಿದ್ದರಲ್ಲಿ ಒರೆಸಿದರು. ಮೋಡದ ಸಂದಿಯಿಂದ ಒಂದಿಷ್ಟು ಬಿಸಿಲು ಬಿತ್ತು. ಮೆಷಿನ್ ಓಡಿತು, ನಿಂತಿತು, ಮತ್ತೆ ಓಡಿತು. ಅವಳು ಮಾವನ ಎದೆ ನೀವುತ್ತ, "ಎಳ್ಕೊಳ್ಳಿ ಮಾವ, ಇನ್ನೊಂದ್ಸಲ," ಎನ್ನುತ್ತಲೇ ಇದ್ದಳು.

ಗಂಡ ಸಿಲಿಂಡರ್ ಹೊತ್ತು ಬಂದಾಗ ಮುದುಕನಲ್ಲಿ ಇನ್ನೂ ಉಸಿರಿತ್ತು.

ನಳಿಕೆಯನ್ನು ಸಿಲಿಂಡರಿಗೆ ಬದಲಿಸಿದ್ದೇ ತಡ, ಸೊಸೆ ಅಕ್ಕನ ಫೋನನ್ನು ತಾನೇ ಪ್ಲಗ್ಗಿಗೆ ಹಾಕಿದಳು. ಇಳಿಬಿಸಿಲಲ್ಲಿ ಅದು ನಿಧಾನಕ್ಕೆ ಬೆಳಗಿತು. ಅಕ್ಕ ನಂಬರ್ ಒತ್ತಿದಳು. ಸ್ವಿಚ್ ಆಫ್. ಮತ್ತೆ ಒತ್ತಿದಳು.

"ಅವಳ ಫೋನಲ್ಲೂ ಚಾರ್ಜ್ ಇರಲ್ಲ ಅಕ್ಕ," ಎಂದಳು ಇವಳು.

"ಹ್ಞೂಂ, ಅದೇ ಇರಬೇಕು," ಎಂದು ಅಕ್ಕ ಮತ್ತೆ ಒತ್ತಿದಳು.